ಗುಣವಾಗದವರ ಸಾಕ್ಷಿಯನ್ನೂ ಕೇಳೋಣ

ನಮ್ಮ ಕ್ರೈಸ್ತ ಸಭೆಗಳಲ್ಲಿ, ದೇವರು ತಮಗೆ ಮಾಡಿದ್ದನ್ನು ಎಲ್ಲರ ಮುಂದೆ ಹೇಳುವ ಸಾಕ್ಷಿಗಾಗಿ ಎದ್ದು ನಿಲ್ಲುವವರು ಯಾರು ಎಂಬುದನ್ನು ಗಮನಿಸಿದ್ದೀರಾ? ಗಡ್ಡೆ ಕರಗಿದವರು, ನೌಕರಿ ಸಿಕ್ಕವರು, ಬಹಳ ವರ್ಷ ಕಾದು ಮಗುವನ್ನು ಪಡೆದವರು. ಅವರ ಸಂತೋಷಕ್ಕೆ ನಾನೂ ಮನಸಾರೆ ಆಮೆನ್ ಹೇಳುತ್ತೇನೆ. ಆದರೆ ಅದೇ ಕಾಯಿಲೆಗೆ ಅದೇ ಪ್ರಾರ್ಥನೆ ಮಾಡಿಸಿಕೊಂಡು, ಗುಣವಾಗದೆ, ಮುಂದಿನ ಭಾನುವಾರವೂ ಬಂದು ಹಿಂದಿನ ಸಾಲಿನಲ್ಲಿ ಕುಳಿತವರ ಕೈಗೆ ಮೈಕ್ ಹೋಗುವುದಿಲ್ಲ. ಅವರ ಬಳಿ ಹೇಳುವುದಕ್ಕೆ ಏನೂ ಇಲ್ಲವೆಂದು ನಾವೇ ತೀರ್ಮಾನಿಸಿಬಿಟ್ಟಿದ್ದೇವೆ. ನಿರೀಕ್ಷೆ ಎಂದರೆ ಏನೆಂದು ನಮಗೆ ಕಲಿಸಬಲ್ಲವರು ಅವರೇ ಎನ್ನುವುದು ನನ್ನ ಅಭಿಪ್ರಾಯ.

ಮೈಕ್ ಸಿಗದಿದ್ದರೆ ಹೋಗಲಿ, ಅವರಿಗೆ ಸಿಗುವುದು "ನಿಮ್ಮ ವಿಶ್ವಾಸ ಸಾಲದು" ಎಂಬ ಮಾತು. ನೋವಿನಲ್ಲಿ ಇರುವವರ ಮೇಲೆ ಅಪರಾಧವನ್ನೂ ಹೊರಿಸುವ ಇಂಥ ಕ್ರೌರ್ಯವನ್ನು ಎಷ್ಟು ಸಲೀಸಾಗಿ ಮಾಡುತ್ತೇವೆ! ಅಪೊಸ್ತಲನಾದ ಪೌಲನ ಮೈಮುಟ್ಟಿದ ಬಟ್ಟೆಗಳಿಂದಲೇ ರೋಗಿಗಳು ವಾಸಿಯಾದರೆಂದು ಬೈಬಲ್‌ನ ಅಪೊಸ್ತಲರ ಕೃತ್ಯಗಳಲ್ಲಿ ಓದುತ್ತೇವೆ. ಅದೇ ಪೌಲ ತನ್ನ ಶಿಷ್ಯ ತಿಮೊಥೆಯನಿಗೆ ಬರೆದ ಎರಡನೆಯ ಪತ್ರದ ಕೊನೆಯಲ್ಲಿ, ಜೊತೆಗಾರನಾದ ತ್ರೊಫಿಮನು ಅಸ್ವಸ್ಥನಾಗಿದ್ದರಿಂದ ಅವನನ್ನು ಮಿಲೇತ ಪಟ್ಟಣದಲ್ಲಿ ಬಿಟ್ಟುಬಂದೆ ಎನ್ನುತ್ತಾನೆ. ಒಂದೇ ಸಾಲು. ಸಮಜಾಯಿಷಿ ಇಲ್ಲ, ತ್ರೊಫಿಮನ ವಿಶ್ವಾಸದ ಬಗ್ಗೆ ಕೊಂಕು ಇಲ್ಲ. ಈ ಸಾಲಿನ ಮೇಲೆ ಒಂದು ಪ್ರಸಂಗವನ್ನೂ ನಾನು ಇದುವರೆಗೆ ಕೇಳಿಲ್ಲ. ಪೌಲನ ಸ್ವಂತ ಶರೀರದಲ್ಲಿದ್ದ ಶೂಲವೂ ಹೋಗಲಿಲ್ಲ. ಮೂರು ಸಾರಿ ದೇವರನ್ನು ಬೇಡಿಕೊಂಡ. ನನ್ನ ಕೃಪೆಯೇ ನಿನಗೆ ಸಾಕು ಎಂಬ ಉತ್ತರ ಬಂತು, ಶೂಲ ಹಾಗೆಯೇ ಉಳಿಯಿತು.

ಸಾಂತ್ವನಕ್ಕೆಂದು ನಾವು ಮೊಬೈಲ್‌ನಲ್ಲಿ ಅತಿ ಹೆಚ್ಚು ಕಳಿಸುವ ಬೈಬಲ್ ವಚನಗಳಲ್ಲಿ ಪ್ರವಾದಿ ಯೆರೆಮೀಯನ ಗ್ರಂಥದ 29:11 ಒಂದು. ದೇವರ ಆಲೋಚನೆಗಳು ಕೇಡಿನವಲ್ಲ, ಹಿತದವು ಎನ್ನುವ ವಚನ. ಹೂವಿನ ಚಿತ್ರದ ಮೇಲೆ ಅದು ಚೆನ್ನಾಗಿಯೇ ಕಾಣುತ್ತದೆ. ಅದರ ಹಿಂದಿನ ವಚನವನ್ನು ಯಾರೂ ಕಳಿಸುವುದಿಲ್ಲ: ಬಾಬೆಲಿನಲ್ಲಿ (ಬ್ಯಾಬಿಲೋನಿನಲ್ಲಿ) ಎಪ್ಪತ್ತು ವರ್ಷ ಕಳೆದ ಮೇಲೆ ನಿಮ್ಮನ್ನು ಹಿಂದಕ್ಕೆ ಕರೆತರುತ್ತೇನೆ. ಯೆರೂಸಲೇಮಿನಿಂದ ಸೆರೆಯಾಗಿ ಹೋದವರಿಗೆ ಬರೆದ ಪತ್ರ ಅದು. ಅದನ್ನು ಓದಿಸಿ ಕೇಳಿದ ದೊಡ್ಡವರಲ್ಲಿ ಹೆಚ್ಚಿನವರು ಆ ಪರದೇಶದಲ್ಲೇ ಸಾಯುವವರಿದ್ದರು. ಅವರಿಗೆ ಯೆರೆಮೀಯನ ಸಲಹೆ ಏನು? ಮನೆ ಕಟ್ಟಿಕೊಳ್ಳಿ, ತೋಟ ಮಾಡಿ ಅದರ ಫಲವನ್ನು ಉಣ್ಣಿ, ಮಕ್ಕಳ ಮದುವೆ ಮಾಡಿ, ಸೆರೆ ಒಯ್ದ ಆ ಪಟ್ಟಣಕ್ಕಾಗಿಯೇ ಪ್ರಾರ್ಥಿಸಿ. ಬಿಡುಗಡೆಯನ್ನು ಕಣ್ಣಾರೆ ನೋಡದವರೂ ಗಿಡ ನೆಡಬಹುದು ಎಂಬ ಈ ನಿರೀಕ್ಷೆ ನಾವು ಹಂಚಿಕೊಳ್ಳುವ ಚಿತ್ರದಲ್ಲಿ ಇಲ್ಲವೇ ಇಲ್ಲ.

ನನ್ನ ತಮ್ಮ ತೀರಿಕೊಂಡಾಗ "ದೇವರಿಗೆ ಅವನು ಬೇಕಾಗಿದ್ದ, ಅಳಬೇಡಿ" ಎಂದವರ ಮೇಲೆ ನನಗೆ ಸಿಟ್ಟು ಬಂದಿತ್ತು, ಈಗಲೂ ಪೂರ್ತಿ ಇಳಿದಿಲ್ಲ. ಆಗ ನನಗೆ ಆಸರೆಯಾದದ್ದು ಬೈಬಲ್‌ನ 88ನೆಯ ಕೀರ್ತನೆ. ಉಳಿದ ಪ್ರಲಾಪದ ಕೀರ್ತನೆಗಳು ಸಾಮಾನ್ಯವಾಗಿ ಎಲ್ಲೋ ಒಂದು ಕಡೆ ಸ್ತೋತ್ರದತ್ತ ತಿರುಗುತ್ತವೆ. ಇದು ತಿರುಗುವುದಿಲ್ಲ, ಕತ್ತಲೆಯಲ್ಲೇ ನಿಂತುಬಿಡುತ್ತದೆ. ಆದರೂ ಅದು ಪ್ರಾರ್ಥನೆಯೇ. ಇಂಥದ್ದನ್ನೂ ಪವಿತ್ರ ಗ್ರಂಥದೊಳಗೆ ಇರಗೊಟ್ಟ ದೇವರ ಮುಂದೆ ನಾನು ನಗುಮುಖ ಹೊತ್ತು ನಿಲ್ಲಬೇಕಾಗಿಲ್ಲ ಎಂದು ತಿಳಿದದ್ದೇ ನನಗೆ ದೊಡ್ಡ ಬಿಡುಗಡೆ. ಯೇಸು ಶಿಲುಬೆಯ ಮೇಲೆ "ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟಿದ್ದೀ" ಎಂದು ಕೂಗಿದ್ದೂ ಕೀರ್ತನೆಯ ಮಾತನ್ನೇ, 22ನೆಯದರ ಮೊದಲ ಸಾಲನ್ನು. ಬೇಥಾನ್ಯದಲ್ಲಿ ಸತ್ತುಹೋಗಿದ್ದ ಗೆಳೆಯ ಲಾಜರನನ್ನು ಇನ್ನೇನು ಎಬ್ಬಿಸಲಿದ್ದೇನೆಂದು ಗೊತ್ತಿದ್ದೂ ಆತನು ಕಣ್ಣೀರು ಬಿಟ್ಟನು. ಸತ್ತವರಿಗಾಗಿ ದುಃಖಿಸಬೇಡಿ ಎಂದು ಪೌಲನೂ ಹೇಳಿಲ್ಲ. ನಿರೀಕ್ಷೆಯಿಲ್ಲದವರ ಹಾಗೆ ದುಃಖಿಸಬೇಡಿ ಎಂದ.

ಹಾಗಾದರೆ ಆ ನಿರೀಕ್ಷೆ ಯಾವುದು? "ಎಲ್ಲ ಸರಿಹೋಗುತ್ತದೆ" ಎನ್ನುವುದಂತೂ ಅಲ್ಲ. ಇಬ್ರಿಯರಿಗೆ ಬರೆದ ಪತ್ರದ 11ನೆಯ ಅಧ್ಯಾಯದಲ್ಲಿ ವಿಶ್ವಾಸದಿಂದ ಕತ್ತಿಯ ಬಾಯಿಂದ ತಪ್ಪಿಸಿಕೊಂಡವರಿದ್ದಾರೆ. ಮೂರೇ ವಚನ ದಾಟಿದರೆ ಕತ್ತಿಯಿಂದಲೇ ಕೊಲ್ಲಲ್ಪಟ್ಟವರೂ ಇದ್ದಾರೆ. ಇಬ್ಬರನ್ನೂ ಒಂದೇ ವಿಶ್ವಾಸದ ಪಟ್ಟಿಯಲ್ಲಿ ಬರೆದಿದ್ದಾರೆ. ನಾನು ನಂಬಿರುವುದು ಇಷ್ಟು: ಸತ್ತು ಹೂಣಲ್ಪಟ್ಟ ಕ್ರಿಸ್ತನು ಎದ್ದನು, ಆದ್ದರಿಂದ ಸಾವಿನ ಮಾತೇ ಕೊನೆಯದಲ್ಲ. ಎದ್ದುಬಂದ ದೇಹದಲ್ಲಿ ಮೊಳೆಯ ಗಾಯಗಳು ಇದ್ದೇ ಇದ್ದವು, ಶಿಷ್ಯನಾದ ತೋಮನು ಅವನ್ನು ಕಂಡನು. ಪುನರುತ್ಥಾನವೂ ಗಾಯವನ್ನು ಅಳಿಸಿಹಾಕಲಿಲ್ಲ ಎಂದ ಮೇಲೆ, ನಡೆದದ್ದನ್ನು ಮರೆತುಬಿಡು ಎಂದು ಇನ್ನೊಬ್ಬರಿಗೆ ಹೇಳಲು ನಾವು ಯಾರು?

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯನ್ನೂ ಸೇರಿಸಲೇಬೇಕು. ಎಲ್ಲ ನೋವನ್ನೂ ಶಿಲುಬೆ ಎಂದು ಕರೆಯಬಾರದು. ಗಂಡನ ಕೈಯಲ್ಲಿ ಪೆಟ್ಟು ತಿನ್ನುವ ಹೆಣ್ಣುಮಗಳಿಗೆ "ಸಹಿಸಿಕೋ ಅಮ್ಮಾ, ಇದು ನಿನ್ನ ಶಿಲುಬೆ" ಎನ್ನುವ ಸಭಾಪಾಲಕರಿದ್ದಾರೆ. ಇದೇ ಪೌಲ ದಮಸ್ಕದಲ್ಲಿ ಬುಟ್ಟಿಯಲ್ಲಿ ಕುಳಿತು ಗೋಡೆ ಇಳಿದು ಪಾರಾದವನು, ಕೊರಡೆಯ ಪೆಟ್ಟು ಬೀಳುವ ಮುಂಚೆ ತಾನು ರೋಮಿನ ಪೌರಹಕ್ಕು ಉಳ್ಳವನೆಂದು ಹೇಳಿ ಅದನ್ನು ತಪ್ಪಿಸಿಕೊಂಡವನು. ತಪ್ಪಿಸಬಹುದಾದ ನೋವಿನಿಂದ ತಪ್ಪಿಸಿಕೊಳ್ಳುವುದು ಅವಿಶ್ವಾಸವಲ್ಲ. ಔಷಧಿ, ಆಪ್ತಸಲಹೆ, ಪೊಲೀಸ್ ದೂರು ಯಾವುದೂ ಪ್ರಾರ್ಥನೆಗೆ ವಿರುದ್ಧವಲ್ಲ.

ಬೈಬಲ್‌ನಲ್ಲಿ ಎಲ್ಲವನ್ನೂ ಕಳೆದುಕೊಂಡು ನರಳಿದ ಯೋಬನ ಮೂವರು ಗೆಳೆಯರನ್ನು ನಾವು ಬಹಳ ಬೈಯುತ್ತೇವೆ. ಆದರೆ ಮೊದಲ ಏಳು ದಿನ ಅವರು ಬಾಯಿ ತೆರೆಯದೆ ಅವನೊಂದಿಗೆ ನೆಲದ ಮೇಲೆ ಕುಳಿತಿದ್ದರು. ಅಲ್ಲಿಯವರೆಗೆ ಎಲ್ಲ ಸರಿಯಾಗಿತ್ತು. ನೀನು ಏನೋ ಪಾಪ ಮಾಡಿರಬೇಕು ಎಂದು ವಿವರಿಸಲು ಹೊರಟ ಮೇಲೆ ಕೆಟ್ಟರು. ಕೊನೆಗೆ ದೇವರ ಕೋಪ ಆ ವಿವರಣೆಕಾರರ ಮೇಲೆಯೇ ಬಂತು. ದೂರಿದ ಯೋಬನು ಸರಿಯಾಗಿ ಮಾತಾಡಿದನೆಂದು ದೇವರೇ ಹೇಳಿದನು.

ಆದ್ದರಿಂದ ಸಭಾಪಾಲಕರಿಗೆ ನನ್ನ ಕೋರಿಕೆ: ಸಾಕ್ಷಿಯ ಸಮಯದಲ್ಲಿ ಒಮ್ಮೆಯಾದರೂ, ಅವರು ಒಪ್ಪಿದರೆ, ಇನ್ನೂ ಡಯಾಲಿಸಿಸ್‌ನಲ್ಲಿರುವವರನ್ನು, ಮಗುವನ್ನು ಮಣ್ಣುಮಾಡಿ ಬಂದವರನ್ನು ಕರೆಯಿರಿ. ಹೊಸ ವಿಶ್ವಾಸಿಗಳು ಕುಗ್ಗಿಹೋಗುತ್ತಾರೆ ಎಂದು ಕೆಲವರು ಆಕ್ಷೇಪಿಸುತ್ತಾರೆ, ಗೊತ್ತು. ಹೊಸಬರ ಮನೆಯಲ್ಲೂ ಕಾಯಿಲೆ ಇದೆ. ಗುಣವಾದವರ ಮಾತನ್ನಷ್ಟೇ ಕೇಳಿಸಿಕೊಂಡ ಅವರು, ತಮಗೆ ಗುಣವಾಗದ ದಿನ ಯಾರಿಗೂ ಹೇಳದೆ ಸಭೆಗೆ ಬರುವುದನ್ನೇ ಬಿಡುತ್ತಾರೆ.