ತೊಡೆದವರಿಗೆ ಫೋಟೋ, ಮಡಚಿದವರಿಗೆ ಬೊಬ್ಬೆ

ನಿನ್ನೆ ಸಾಗರದ ಹತ್ತಿರ ನೆಂಟರ ಆಲೆಮನೆಗೆ ಹೋಗಿದ್ದೆ. ಕಬ್ಬಿನ ಹಾಲು, ಮಂಡಕ್ಕಿ, ಮಿರ್ಚಿ ಎಲ್ಲ ಆಯ್ತು. ಖುಷಿಯಾಗಿ ವಾಪಸ್ ಬರಬೇಕಾದವಳು ಸಿಟ್ಟು ಮಾಡಿಕೊಂಡು ಶಿವಮೊಗ್ಗದ ಬಸ್ಸು ಹತ್ತಿದೆ. ಕಾರಣ ಅಣ್ಣನ ಮಗ.

ಎಂಟು ತಿಂಗಳಿಂದ ಜಿಮ್ಮಿಗೆ ಹೋಗುತ್ತಿದ್ದಾನೆ. ಆಲೆಮನೆಗೂ ಶೇಕರ್ ಬಾಟಲಿ ತಂದಿದ್ದ. ಒಂದು ಲೋಟ ಕಬ್ಬಿನ ಹಾಲು ಕುಡಿಯೋ ಮಾರಾಯ ಅಂದರೆ, "ಅತ್ತೆ, ಅದ್ರಲ್ಲಿ ಬರೀ ಸಕ್ಕರೆ. ಇದ್ರಲ್ಲಿ ಒಂದು ಸ್ಕೂಪಿಗೆ 24 ಗ್ರಾಂ ಪ್ರೋಟೀನ್. ಪ್ರೋಟೀನ್ ಒಳಗೆ ಹೋದ್ರೆ ಮಸಲ್ ತಾನಾಗೇ ಆಗುತ್ತೆ" ಅಂದ.

ತಾನಾಗೇ ಆಗುತ್ತಂತೆ!

ಅದನ್ನು ಹೇಳಿದ್ದು ಎಲ್ಲಿ ನಿಂತು ಗೊತ್ತಾ? ತೊಡೆದೇವು ಅನ್ನುವ ತೆಳು ಸಿಹಿತಿಂಡಿ ಮಾಡುವ ಒಲೆಯ ಪಕ್ಕದಲ್ಲಿ. ಬೋರಲು ಹಾಕಿದ ಮಡಕೆ, ಕೆಳಗೆ ಬೆಂಕಿ. ಒಬ್ಬ ಅಕ್ಕ ಬಟ್ಟೆ ಸುತ್ತಿದ ಕೋಲನ್ನು ಹಿಟ್ಟಿಗೆ ಅದ್ದಿ ಮಡಕೆಯ ಮೇಲೆ ಒಂದೇ ಸಲ ಎಳೆಯುತ್ತಿದ್ದರು. ಕ್ಷಣದಲ್ಲಿ ಕಾಗದದಂಥ ಹಾಳೆ. ಪಕ್ಕದಲ್ಲಿ ಕೂತ ಇನ್ನೊಬ್ಬರು ಅಂಚು ಎಬ್ಬಿಸಿ, ಬಿಸಿ ಇರುವಾಗಲೇ ಬರಿಗೈಯಲ್ಲಿ ಮಡಚುತ್ತಿದ್ದರು. ಒಂದು ಉಸಿರು ತಡವಾದರೂ ಗರಿಗರಿಯಾಗಿ ಚೂರು ಚೂರು. ಅವರ ಬೆರಳ ತುದಿಯಲ್ಲಿ ಎರಡು ಬೊಬ್ಬೆ ಇದ್ದವು. ಎಲ್ಲರ ಮೊಬೈಲೂ ತೊಡೆಯುವವರ ಕಡೆಗೇ.

ನನ್ನ ತಕರಾರು ಇಷ್ಟೇ. ಮಾಡುವುದನ್ನು ಲೆಕ್ಕ ಹಾಕುತ್ತೀರಿ, ಮಡಚುವುದನ್ನು ಯಾಕೆ ಹಾಕುವುದಿಲ್ಲ? ಜೀವಕೋಶದಲ್ಲಿ ಪ್ರೋಟೀನ್ ಮೊದಲು ಹುಟ್ಟುವುದು ಅಮೈನೋ ಆಮ್ಲ ಎಂಬ ಮಣಿಗಳನ್ನು ಪೋಣಿಸಿದ ಬರೀ ದಾರದ ಹಾಗೆ. ಹೆಚ್ಚಿನವು ಸರಿಯಾದ ಆಕಾರಕ್ಕೆ ಮಡಚಿಕೊಂಡರೆ ಮಾತ್ರ ಕೆಲಸಕ್ಕೆ ಬರುತ್ತವೆ. ಆ ಮಡಚುವಿಕೆಗೆ ಕೈಕೊಡುವ ಪ್ರೋಟೀನ್‌ಗಳೇ ಚಾಪರೋನ್. ಹಿಂದೆ ಯುರೋಪಿನಲ್ಲಿ ಮದುವೆಯಾಗದ ಹುಡುಗಿಯರ ಜೊತೆ ಕಾವಲಿಗೆ ಹೋಗುತ್ತಿದ್ದ ಹಿರಿಯ ಹೆಂಗಸಿಗೆ ಆ ಹೆಸರು. ಕನ್ನಡದಲ್ಲಿ "ಬೆಂಗಾವಲು ಪ್ರೋಟೀನ್" ಅಂತ ಬರೆಯುವವರಿದ್ದಾರೆ. ಮಂತ್ರಿ ಕಾರಿನ ಹಿಂದೆ ಹೋಗುವ ಜೀಪು ನೆನಪಾಗುತ್ತದೆ. ಮಾರಿಕಾಂಬಾ ಜಾತ್ರೆಗೆ ನಮ್ಮ ಜೊತೆ ಕಳಿಸುತ್ತಿದ್ದ ಸೋದರತ್ತೆ ಅಂದರೆ ಸರಿಹೋಗುತ್ತದೆ. ಕಂಡಕಂಡವರ ಜೊತೆ ಅಂಟಿಕೊಳ್ಳದ ಹಾಗೆ ನೋಡಿಕೊಳ್ಳುವುದೇ ಕೆಲಸ. ಕೋಶದ ಚಾಪರೋನ್ ಮಾಡುವುದೂ ಅದನ್ನೇ.

ಈಗ ಒಬ್ಬರು ಕಮೆಂಟ್ ಹಾಕುತ್ತಾರೆ, ನನಗೆ ಗೊತ್ತು. "ಮೇಡಂ, ಪ್ರೋಟೀನ್ ತಾನಾಗೇ ಮಡಚಿಕೊಳ್ಳುತ್ತೆ, ಅದನ್ನು ತೋರಿಸಿದ ವಿಜ್ಞಾನಿ ಆನ್ಫಿನ್ಸನ್‌ಗೆ 1972ರಲ್ಲಿ ನೊಬೆಲ್ ಬಂತಲ್ವಾ?" ಬಂತು, ಸ್ವಾಮಿ. ಅವರು ಹಿಡಿದದ್ದು 124 ಅಮೈನೋ ಆಮ್ಲದ ಪುಟ್ಟ ಪ್ರೋಟೀನ್, ಅದೂ ಪ್ರನಾಳದ ತಿಳಿನೀರಲ್ಲಿ. ಸ್ನಾಯುವನ್ನು ಎಳೆಯುವ ಪ್ರೋಟೀನ್ ಮಯೋಸಿನ್‌ನ ಒಂದು ಎಳೆಯಲ್ಲೇ 1900ಕ್ಕೂ ಹೆಚ್ಚು. ಸ್ನಾಯುವಿನದೇ ಇನ್ನೊಂದು ಪ್ರೋಟೀನ್ ಟೈಟಿನ್‌ದು 30 ಸಾವಿರ ದಾಟುತ್ತದೆ. ಅದೂ ಕೋಶದೊಳಗಿನ ಜಾತ್ರೆಯಂಥ ನೂಕುನುಗ್ಗಲಿನಲ್ಲಿ. ಅಲ್ಲಿ ತಾನಾಗೇ ಮಡಚಿಕೋ ಅಂದರೆ ಗಂಟಾಗುತ್ತದೆ, ಅಷ್ಟೇ.

ಗಂಟಿನ ವಿಷಯ ನನಗೆ ಚೆನ್ನಾಗಿ ಗೊತ್ತು. ನಾನು ಬೆಂಗಳೂರು ಬಿಟ್ಟು ಯಾಕೆ ಬಂದೆ ಅಂತ ನಿಮ್ಮಲ್ಲಿ ಕೆಲವರಿಗಷ್ಟೇ ಗೊತ್ತು. ಇಪ್ಪತ್ತು ವರ್ಷದ ಹಿಂದೆ ಒಂದು ಲ್ಯಾಬಿನಲ್ಲಿ ಬ್ಯಾಕ್ಟೀರಿಯಾದೊಳಗೆ ಸ್ನಾಯು ಮಯೋಸಿನ್ ಮಾಡಿಸಲು ಎರಡು ವರ್ಷ ಒದ್ದಾಡಿದೆ. ಪ್ರತಿ ಸಲವೂ ಟ್ಯೂಬಿನ ತಳದಲ್ಲಿ ಒಡೆದ ಹಾಲಿನಂಥ ಬಿಳಿ ಗಂಟು. "ನಿನ್ನ ಕೈಯೇ ಸರಿಯಿಲ್ಲ" ಅಂದರು. ನಾನೂ ನಂಬಿದೆ. ಊರಿಗೆ ಬಂದೆ. ಆಮೇಲೆ ಓದುವಾಗ ತಿಳಿಯಿತು, ಸ್ನಾಯು ಮಯೋಸಿನ್ನಿನ ತಲೆ ಅನ್ನುವ ಭಾಗ ಬ್ಯಾಕ್ಟೀರಿಯಾದೊಳಗೆ ಸರಿಯಾಗಿ ಮಡಚಿಕೊಳ್ಳುವುದೇ ಇಲ್ಲ ಅಂತ. ಮಡಚುವವರು ಅಲ್ಲಿಲ್ಲ. ಆ ದಿನ ಅಡುಗೆಮನೆಯಲ್ಲಿ ಕೂತು ಅತ್ತಿದ್ದೆ. ಮನೆಯವರು ಈರುಳ್ಳಿ ಅಂದುಕೊಂಡರು.

ಬ್ಯಾಕ್ಟೀರಿಯಾದಲ್ಲಿ ಇಲ್ಲದ ಆ ಮಡಚುವವರ ಹೆಸರು ಯುಎನ್‌ಸಿ-45, ಅದೊಂದು ಚಾಪರೋನ್. ಒಂದು ಪುಟ್ಟ ಹುಳದಲ್ಲಿ ಸಿಕ್ಕಿದ್ದು. ಇದರ ಜೀನ್ ಕೆಟ್ಟ ಹುಳ 15 ಡಿಗ್ರಿಯಲ್ಲಿ ಆರಾಮಾಗಿ ಓಡಾಡುತ್ತದೆ, 25 ಡಿಗ್ರಿಯಲ್ಲಿ ಬೆಳೆಸಿದರೆ ಸ್ನಾಯು ಕೆಟ್ಟು ಸರಿಯಾಗಿ ಚಲಿಸಲಾರದು. ಅದನ್ನು 1974ರಲ್ಲೇ ಬರೆದಿದ್ದಾರೆ. ನಮ್ಮ ಸ್ನಾಯುವಿನಲ್ಲೂ ಅದರ ನೆಂಟ ಇದೆ. ರಚನೆ ನೋಡಿದರೆ ಮನೆಕೆಲಸ ಗೊತ್ತಿರುವವರಿಗೆ ಕೂಡಲೇ ಅರ್ಥವಾಗುತ್ತದೆ. ಒಂದು ತುದಿ ಎಚ್‌ಎಸ್‌ಪಿ90 ಎಂಬ ಇನ್ನೊಂದು ಚಾಪರೋನ್‌ನ ಬಾಲ ಹಿಡಿಯುತ್ತದೆ, ಇನ್ನೊಂದು ತುದಿ ಮಯೋಸಿನ್ನಿನ ತಲೆ ಹಿಡಿಯುತ್ತದೆ. ಎಚ್‌ಎಸ್‌ಪಿ90 ಎರಡು ತೋಳಿನ ಇಕ್ಕಳ, ಕೋಶದ ಇಂಧನವಾದ ಎಟಿಪಿ ಖರ್ಚು ಮಾಡಿ ಮುಚ್ಚಿ ತೆರೆಯುತ್ತದೆ. ಮಯೋಸಿನ್ ಹಿಡಿದೆಳೆಯುವ ಪ್ರೋಟೀನ್ ಆಕ್ಟಿನ್‌ಗೋ ಡಬ್ಬಿಯೇ ಬೇಕು. ಎಂಟೆಂಟು ತುಂಡಿನ ಎರಡು ಉಂಗುರ ಬೆನ್ನಿಗೆ ಬೆನ್ನು ಕೂತ ಡಬ್ಬಿ, ಒಳಗೆ ಹಾಕಿ ಬಾಯಿ ಮುಚ್ಚಿ ಮಡಚುವುದು.

ಒಮ್ಮೆ ಮಡಚಿದರೆ ಮುಗಿಯಿತಾ? ಭಾರ ಎತ್ತಿದಾಗೆಲ್ಲ ಸ್ನಾಯುವಿನೊಳಗೆ ಫಿಲಮಿನ್‌ನಂಥ ಪ್ರೋಟೀನ್‌ಗಳು ಎಳೆದು ಬಿಚ್ಚಿಹೋಗುತ್ತವೆ. ಆಗ ಬ್ಯಾಗ್3 ಎಂಬ ಸಹಾಯಕ ಪ್ರೋಟೀನ್ ಎಚ್‌ಎಸ್‌ಪಿ70 ಮುಂತಾದ ಚಾಪರೋನ್‌ಗಳನ್ನು ಕಟ್ಟಿಕೊಂಡು ಬಂದು ಹಾಳಾದದ್ದನ್ನು ಗುಡಿಸಿ ಹಾಕುತ್ತದೆ. ಬ್ಯಾಗ್3 ಇಲ್ಲದ ಇಲಿಮರಿಗಳ ಸ್ನಾಯು ಹುಟ್ಟಿದ ಕೆಲವೇ ವಾರಗಳಲ್ಲಿ ಸವೆದುಹೋಗುತ್ತದೆ. ಆಲ್ಫಾ ಬಿ ಕ್ರಿಸ್ಟಲಿನ್ ಕಥೆ ಇನ್ನೂ ವಿಚಿತ್ರ. 175 ಅಮೈನೋ ಆಮ್ಲದ ಚಿಕ್ಕ ಚಾಪರೋನ್ ಅದು. ಕಣ್ಣಿನ ಮಸೂರದಲ್ಲೂ ಅದೇ, ಹೃದಯದಲ್ಲೂ ಅದೇ. ಅದರ 120ನೇ ಜಾಗದಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾಗಿತ್ತು, ಫ್ರಾನ್ಸಿನ ಒಂದು ಕುಟುಂಬದಲ್ಲಿ. 1998ರ ವರದಿ. ಆ ಮನೆಯವರಿಗೆ ಸ್ನಾಯು ಸೋಲುತ್ತಿತ್ತು, ಹೃದಯ ಸೋಲುತ್ತಿತ್ತು, ಕಣ್ಣಿಗೆ ಪೊರೆಯೂ ಬರುತ್ತಿತ್ತು. ಪ್ರೋಟೀನ್ ಎಷ್ಟು ತಿಂದರೂ ಸರಿಹೋಗುವಂಥದ್ದಲ್ಲ ಅದು.

ಹುಡುಗನಿಗೆ ಬೈದು ಏನು ಪ್ರಯೋಜನ, ಅದೂ ನಿಜ. ಡಿಎನ್‌ಎ, ಆರ್‌ಎನ್‌ಎ, ಪ್ರೋಟೀನ್, ಪೂರ್ಣವಿರಾಮ. ಪ್ರತಿ ವರ್ಷ ಪಿಯುಸಿ ಮಕ್ಕಳಿಗೆ ಹಾಗೆ ಪಾಠ ಮಾಡಿ ಮುಗಿಸುವವಳು ನಾನೇ. ಪೋರ್ಷನ್ ಮುಗಿಯಬೇಕಲ್ಲ!

ಅಂದಹಾಗೆ ಶೇಕರ್ ಪಕ್ಕಕ್ಕಿಟ್ಟು ಅವನು ಏಳು ತೊಡೆದೇವು ತಿಂದ, ತುಪ್ಪ ಹಾಲು ಹಾಕಿಕೊಂಡು. ರಾತ್ರಿ ಮನೆಗೆ ಬಂದು ಈ ಬರಹಕ್ಕೆ ಹಾಕೋಣ ಅಂತ ಮೊಬೈಲ್ ತೆಗೆದೆ. ಹನ್ನೊಂದು ಫೋಟೋ ಇವೆ. ಮಡಕೆ, ಬೆಂಕಿ, ಕೋಲು, ತೊಡೆಯುವ ಅಕ್ಕನ ನಗು. ಮಡಚುವವರು ಒಂದರಲ್ಲಿ ಮಾತ್ರ ಸಿಕ್ಕಿದ್ದಾರೆ, ಅದೂ ಮೊಣಕೈವರೆಗೆ.