ಒಬ್ಬನೇ ಇರುವಂತಿಲ್ಲ

ಜಪಾನಿನ ಊರುಗಳಲ್ಲಿ ಓಡಾಡಿದವರು ಈ ಹುಡುಗರನ್ನು ನೋಡಿರುತ್ತಾರೆ. ಬಿಳಿ ಅಂಗಿ, ಟೈ, ಹೆಲ್ಮೆಟ್, ಎದೆಯ ಮೇಲೆ ಕಪ್ಪು ನೇಮ್‌ಪ್ಲೇಟ್. ಸೈಕಲ್ ತುಳಿದುಕೊಂಡು ಹೋಗುತ್ತಿರುತ್ತಾರೆ. ಅಮೆರಿಕದಲ್ಲಿ ಹುಟ್ಟಿದ ಕ್ರೈಸ್ತ ಪಂಥವಾದ ಮಾರ್ಮನ್ ಚರ್ಚಿನ ಮಿಷನರಿಗಳು, ಮನೆಮನೆಗೆ ಹೋಗಿ ಧರ್ಮಪ್ರಚಾರ ಮಾಡುವವರು. ಹೆಚ್ಚಿನವರಿಗೆ ಇನ್ನೂ ಹದಿನೆಂಟು, ಹತ್ತೊಂಬತ್ತು. ಒಬ್ಬ ಕಂಡರೆ ಇನ್ನೊಬ್ಬ ಅಲ್ಲೇ ಎಲ್ಲೋ ಇದ್ದಾನೆ ಅಂತಲೇ ಲೆಕ್ಕ. ಪಾಪ, ಅವನ ಸೈಕಲ್ಲಿನ ಚೈನು ಕಳಚಿರಬೇಕು.

ಮುಖದ ಮೇಲೆ ಬಾಗಿಲು ಹಾಕಿಸಿಕೊಳ್ಳುವುದೇ ಇವರ ದೊಡ್ಡ ಕಷ್ಟ ಅಂತ ನಾವು ಅಂದುಕೊಳ್ಳುತ್ತೇವೆ. ಜಪಾನಿನಲ್ಲಿ ಎಷ್ಟೋ ಸಲ ಬಾಗಿಲು ತೆಗೆದರೆ ತಾನೇ ಹಾಕುವುದು! ಇಂಟರ್‌ಕಾಮ್‌ನಲ್ಲೇ ಬಲು ಮರ್ಯಾದೆಯಿಂದ 'ಬೇಡ' ಅಂದು ಮುಗಿಸುತ್ತಾರೆ. ಅದಕ್ಕೆ ಹೇಗೋ ಒಗ್ಗಿಕೊಳ್ಳಬಹುದು. ನಿಜವಾದ ಪರೀಕ್ಷೆ ಪಕ್ಕದ ಸೈಕಲ್ ಮೇಲಿದೆ ಅಂತ ನನಗನ್ನಿಸುತ್ತದೆ.

ನಿಯಮ ಹಾಗಿದೆ. ಜೊತೆಗಾರ ಕಣ್ಣಿಗೆ ಕಾಣುವಷ್ಟು, ಮಾತು ಕೇಳುವಷ್ಟು ಹತ್ತಿರದಲ್ಲೇ ಇರಬೇಕು. ಸಾಮಾನ್ಯವಾಗಿ ಬೆಳಿಗ್ಗೆ 6.30ಕ್ಕೆ ಏಳುವುದು, ಓದುವುದು, ಭಾಷೆ ಕಲಿಯುವುದು, ಬೀದಿ ಸುತ್ತುವುದು, ರಾತ್ರಿ 10.30ಕ್ಕೆ ಮಲಗುವುದು, ಎಲ್ಲವೂ ಜೊತೆಯಲ್ಲೇ. ಒಂದೇ ಕೋಣೆ, ಹಾಸಿಗೆ ಮಾತ್ರ ಬೇರೆ. ಒಬ್ಬನೇ ಇರಲು ಸಿಗುವ ಜಾಗ ಅಂದರೆ ಬಚ್ಚಲುಮನೆ. ಅಲ್ಲಿಂದ ಅವರು ಬೇಗ ಹೊರಗೆ ಬರುತ್ತಾರೆ ಅಂತ ನಾನಂತೂ ನಂಬುವುದಿಲ್ಲ.

ಯಾವ ದೇಶಕ್ಕೆ ಹೋಗಬೇಕು ಅಂತ ಅವರು ಆರಿಸುವಂತಿಲ್ಲ. ಅದನ್ನು ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿರುವ ಚರ್ಚಿನ ಹಿರಿಯರು ತೀರ್ಮಾನಿಸುತ್ತಾರೆ. ಜೊತೆಗಾರನೂ ಅಷ್ಟೇ. ಜಾತಕ ನೋಡದೆ, ಮುಖ ತೋರಿಸದೆ ಮಾಡಿದ ಮದುವೆಯ ಹಾಗೆ. ಒಂದೇ ವ್ಯತ್ಯಾಸ, ಸುಮಾರು ಆರು ವಾರಕ್ಕೊಮ್ಮೆ ವರ್ಗಾವಣೆಯ ಪಟ್ಟಿ ಬರುತ್ತದೆ. ಆಗ ಒಬ್ಬ ಸೂಟ್‌ಕೇಸ್ ಎತ್ತಿಕೊಂಡು ಬೇರೆ ಊರಿಗೆ ಹೊರಡಬಹುದು, ಅಥವಾ ಇದೇ ಜೋಡಿ ಇನ್ನೊಂದು ಸುತ್ತು ಮುಂದುವರಿಯಬಹುದು. ಪಟ್ಟಿ ಬರುವ ದಿನ ಯಾರು ಏನು ಬೇಡಿಕೊಳ್ಳುತ್ತಾರೋ, ಅದು ಅವರವರಿಗೆ ಬಿಟ್ಟದ್ದು.

ಚರ್ಚಿನವರಿಗೂ ಇದೆಲ್ಲ ಗೊತ್ತು. ಅದಕ್ಕೇ ವಾರಕ್ಕೊಮ್ಮೆ ಇಬ್ಬರೂ ಎದುರುಬದುರು ಕೂತು, ನಮ್ಮ ನಡುವೆ ಏನು ಸರಿಯಿದೆ, ಏನು ಸರಿಯಿಲ್ಲ ಅಂತ ಮಾತಾಡಿಕೊಳ್ಳಬೇಕು ಅಂತ ಮಾಡಿದ್ದಾರೆ. ಯೋಚಿಸಿ ನೋಡಿ. ಹತ್ತೊಂಬತ್ತರ ಹುಡುಗ ಇನ್ನೊಬ್ಬ ಹತ್ತೊಂಬತ್ತರವನಿಗೆ, "ನೀನು ತಟ್ಟೆ ತೊಳೆಯದೆ ಇಡುತ್ತೀಯಲ್ಲ, ಅದೊಂದು ನನಗೆ ಆಗುವುದಿಲ್ಲ" ಅಂತ ಶಾಂತವಾಗಿ ಹೇಳಬೇಕು. ನಮ್ಮಲ್ಲಿ ಮೂವತ್ತು ವರ್ಷ ಸಂಸಾರ ಮಾಡಿದವರೂ ಪಾತ್ರೆ ಕುಕ್ಕಿಯೇ ಇದನ್ನು ತಿಳಿಸುವುದು, ಅಲ್ವಾ?

ಇನ್ನು ಚಹಾ. ಮಾರ್ಮನ್ನರು ಕಾಫಿ, ಟೀ ಮುಟ್ಟುವುದಿಲ್ಲ. ಜಪಾನಿನಲ್ಲಿ ಯಾರಾದರೂ ಅಪರೂಪಕ್ಕೆ ಒಳಗೆ ಕರೆದರೆ, ಮೊದಲು ಬರುವುದೇ ಹಸಿರು ಚಹಾ! ಅದೂ ಟೀ ಗಿಡದ ಎಲೆಯದೇ, ಹಾಗಾಗಿ ಕುಡಿಯುವಂತಿಲ್ಲ. ಪುಣ್ಯಕ್ಕೆ 'ಮುಗಿಚಾ' ಅಂತ ಇನ್ನೊಂದಿದೆ. ಹುರಿದ ಬಾರ್ಲಿಯ ಕಷಾಯ, ಟೀ ಎಲೆಯ ಸುಳಿವೇ ಇಲ್ಲ. ಬೇಸಿಗೆಯಲ್ಲಿ ತಣ್ಣಗೆ ಕೊಡುತ್ತಾರೆ. ಬೆವರು ಸುರಿಸಿಕೊಂಡು ಬಂದ ಇಬ್ಬರಿಗೂ ಆ ಮನೆ ಖಂಡಿತ ನೆನಪಿರುತ್ತದೆ.

ಈಗಿನ ಹುಡುಗರದ್ದು ಎರಡು ವರ್ಷದ ಸೇವೆ. ಜಪಾನಿಗೆ ಮೊದಲ ನಾಲ್ವರು ಬಂದದ್ದು 1901ರಲ್ಲಿ. ಅವರಲ್ಲಿ ಎಲ್ಲರಿಗಿಂತ ಚಿಕ್ಕವನು ಆಲ್ಮಾ ಟೇಲರ್, ಆಗ ಹತ್ತೊಂಬತ್ತು. ಮಾರ್ಮನ್ನರ ಧರ್ಮಗ್ರಂಥ 'ಬುಕ್ ಆಫ್ ಮಾರ್ಮನ್' ಅನ್ನು ಜಪಾನಿ ಭಾಷೆಗೆ ತಂದು, 1909ರಲ್ಲಿ ಅಚ್ಚಾದ ಮೇಲೆ, 1910ರಲ್ಲಿ ಊರಿಗೆ ಹೊರಟ. ಅವನ ತಾಯಿಯ ಗತಿ ಏನಾಗಿತ್ತೋ! ತೀರಾ ಇತ್ತೀಚಿನವರೆಗೂ ಮನೆಗೆ ಫೋನ್ ಮಾಡಲು ಸಿಗುತ್ತಿದ್ದದ್ದು ವರ್ಷಕ್ಕೆ ಎರಡೇ ಸಲ, ಕ್ರಿಸ್‌ಮಸ್‌ಗೆ ಮತ್ತು ಅಮ್ಮಂದಿರ ದಿನಕ್ಕೆ. 2019ರಿಂದ ವಾರಕ್ಕೊಮ್ಮೆ ಮಾತಾಡಬಹುದು. ಬಟ್ಟೆ ಒಗೆದು, ಸಾಮಾನು ತಂದು, ಕೂದಲು ಕತ್ತರಿಸಿಕೊಳ್ಳುವ ಬಿಡುವಿನ ದಿನವೇ ಸಾಮಾನ್ಯವಾಗಿ ಈ ಮಾತುಕತೆ. ಪಕ್ಕದಲ್ಲಿ ಜೊತೆಗಾರ ಇದ್ದೇ ಇರುತ್ತಾನೆ. ಅವನ ಗೊರಕೆಯ ಬಗ್ಗೆ ಅಮ್ಮನ ಹತ್ತಿರ ದೂರು ಹೇಳಬೇಕಾದರೆ, ಅವನು ಸ್ನಾನಕ್ಕೆ ಹೋಗುವ ತನಕ ಕಾಯಬೇಕು.