ಹಲೋ... ಹಲೋ... ಕೇಳ್ತದಾ?

ಒಂದು ಫೋನ್ ಕರೆಗೆ ಇಷ್ಟೇ ಹಲೋ ಅಂತ ಸರ್ಕಾರ ಒಂದು ಮಿತಿ ಹಾಕಬೇಕು. ಮೀರಿದವರಿಗೆ ದಂಡ. ಹೆಲ್ಮೆಟ್ ಇಲ್ಲದವರಿಗೆ ಹಾಕುವುದಕ್ಕಿಂತ ಜಾಸ್ತಿ.

ನಗಬೇಡಿ. ಫೋನು ಬಂದ ಹೊಸತರಲ್ಲಿ ಹೆಚ್ಚುಕಮ್ಮಿ ಇಂಥ ನಿಯಮ ಇತ್ತು. 1878ರಲ್ಲಿ ಅಮೆರಿಕದ ನ್ಯೂ ಹೇವನ್ ಊರಲ್ಲಿ ಒಂದು ಟೆಲಿಫೋನ್ ಡೈರೆಕ್ಟರಿ ಅಚ್ಚಾಯಿತು. ಫೋನಿನಲ್ಲಿ ಹೇಗೆ ಮಾತಾಡಬೇಕು ಅಂತ ಅದರಲ್ಲೇ ಬರೆದಿದ್ದರು. ಶುರು ಮಾಡುವಾಗ ಹಲೋ ಅನ್ನಿ. ಮುಗಿಸುವಾಗ 'ಇಷ್ಟೇ' ಅನ್ನಿ. ಒಂದು ಸಲಕ್ಕೆ 3 ನಿಮಿಷ, ಗಂಟೆಗೆ ಎರಡೇ ಸಲ. ಅದಕ್ಕೂ ಜಾಸ್ತಿ ಬೇಕಿದ್ದರೆ ಆಫೀಸಿನ ಅಪ್ಪಣೆ ಕೇಳಿ. ಎಂಥಾ ಒಳ್ಳೆಯ ಜನ!

ನಮ್ಮ ಸೋದರಮಾವನಿಗೆ ಆ 3 ನಿಮಿಷ ಬರೀ ಹಲೋಗೇ ಸಾಲದು.

ಮಾವನ ಮನೆ ಇರುವುದು ಕೊಪ್ಪದ ಹತ್ತಿರ, ಅಡಿಕೆ ತೋಟದ ಪಕ್ಕ. ಮನೆಯೊಳಗೆ ನೆಟ್‌ವರ್ಕ್ ಇಲ್ಲ. ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲು ಹತ್ತಿ, ರಸ್ತೆ ಕಡೆ ಮುಖ ಮಾಡಿ ನಿಂತರೆ ಎರಡು ಕಡ್ಡಿ ಸಿಗುತ್ತದೆ. ಮಳೆಗಾಲದಲ್ಲಿ ಇನ್ನೊಂದು ಕೈಯಲ್ಲಿ ಕೊಡೆ. ಎಪ್ಪತ್ತು ದಾಟಿದವರು ಇಷ್ಟು ಕಷ್ಟಪಟ್ಟು ಫೋನ್ ಮಾಡುತ್ತಾರೆ ಅಂದರೆ ಸಿಟ್ಟು ಮಾಡಿಕೊಳ್ಳಬಾರದು, ಸರಿ. ಆದರೆ ಅವರು ಫೋನು ಹಿಡಿಯುವ ಕ್ರಮ ನೋಡಬೇಕು. ಮಾತಾಡುವಾಗ ಬಾಯಿಯ ಮುಂದೆ. ಮಾತು ಮುಗಿದ ಮೇಲೆ ನಿಧಾನವಾಗಿ ಕಿವಿಗೆ. ಅಷ್ಟರಲ್ಲಿ ನಾನು ಹೇಳಿದ್ದೆಲ್ಲ ತೋಟದ ಪಾಲು. ಅವರ ಕಿವಿಗೆ ಸಿಗುವುದು ಬರೀ ಮೌನ. ಮೌನ ಸಿಕ್ಕಿದರೆ ಏನು ಮಾಡಬೇಕು? ಫೋನನ್ನು ಮತ್ತೆ ಬಾಯಿಗೆ ತರಬೇಕು.

"ಹಲೋ."

"ಹಲೋ, ಹೇಳಿ ಮಾವ."

"ಹಲೋ?"

"ಕೇಳಿಸ್ತಿದೆ ಮಾವ, ಹೇಳಿ."

"ಹಲೋ! ಕೇಳ್ತದಾ ಮಾರಾಯ?"

"ಕೇಳ್ತಿದೆ! ಕೇಳ್ತಿದೆ!"

"ಹಲೋ..."

ಈ ಕೊನೆಯ ಹಲೋದಲ್ಲಿ ಒಂದು ಬೇಸರ ಇರುತ್ತದೆ, ಬೇಕಂತಲೇ ನಾನು ಮಾತಾಡುತ್ತಿಲ್ಲ ಅನ್ನುವ ಹಾಗೆ. ಆಮೇಲೆ ಲೈನ್ ಕಟ್. ತಕ್ಷಣ ನಾನು ವಾಪಸ್ ಮಾಡುತ್ತೇನೆ. ನೀವು ಕರೆ ಮಾಡಿದ ಚಂದಾದಾರರು ಬೇರೊಂದು ಕರೆಯಲ್ಲಿದ್ದಾರೆ ಅನ್ನುತ್ತಾಳೆ ಆ ಹೆಂಗಸು. ಎಲ್ಲಿ ಬೇರೊಂದು ಕರೆ? ಅವರು ಮಾಡುತ್ತಿರುವುದು ನನಗೇ. ಸರಿ, ಅವರೇ ಮಾಡಲಿ ಅಂತ ಕಾಯುತ್ತೇನೆ. ಅಲ್ಲಿ ಕಲ್ಲಿನ ಮೇಲೆ ಅವರೂ, ಇವನೇ ಮಾಡಲಿ ಅಂತ ಕಾಯುತ್ತಾರೆ. ಇಬ್ಬರಿಗೂ ಒಂದೇ ಗಳಿಗೆಯಲ್ಲಿ ತಾಳ್ಮೆ ತಪ್ಪುತ್ತದೆ. ಮತ್ತೆ ಇಬ್ಬರೂ ಬ್ಯುಸಿ. ಕೊನೆಗೂ ಸಿಕ್ಕಾಗ ಮೊದಲ ಪ್ರಶ್ನೆ, "ಅಷ್ಟೊತ್ತು ಯಾರ ಹತ್ರ ಮಾತಾಡ್ತಿದ್ದೆ ಮಾರಾಯ?" ನಿಮಗೇ ಮಾಡ್ತಿದ್ದೆ ಮಾವ ಅಂದರೆ ಬರುವ ಉತ್ತರ ನಿಮಗೆ ಗೊತ್ತೇ ಇದೆ. "ಹಲೋ?"

ಇದಕ್ಕೆಲ್ಲ ಯಾರನ್ನು ಬೈಯೋಣ? ಫೋನು ಕಂಡುಹಿಡಿದ ಗ್ರಹಾಂ ಬೆಲ್‌ನ ಪ್ರೇಯಸಿ ಹೆಸರು ಮಾರ್ಗರೆಟ್ ಹಲೋ, ಅವಳ ನೆನಪಿಗೆ ನಾವೆಲ್ಲ ಹಲೋ ಅನ್ನುತ್ತೇವೆ ಅಂತ ಒಂದು ವಾಟ್ಸಾಪ್ ಕಥೆ ವರ್ಷಕ್ಕೊಮ್ಮೆಯಾದರೂ ನಿಮಗೆ ಬಂದಿರುತ್ತದೆ, ಅಲ್ವಾ? ಕೆಳಗೆ ಎರಡು ಗುಲಾಬಿ ಹೂವಿನ ಸಮೇತ. ಪೂರ್ತಿ ಸುಳ್ಳು. ಬೆಲ್ 1877ರಲ್ಲಿ ಮದುವೆಯಾದದ್ದು ಮೇಬಲ್ ಹಬ್ಬರ್ಡ್ ಎಂಬಾಕೆಯನ್ನು. ಚಿಕ್ಕಂದಿನಲ್ಲಿ ಜ್ವರ ಬಂದು ಆಕೆಯ ಕಿವಿ ಹೋಗಿತ್ತು. ಫೋನು ಕಂಡುಹಿಡಿದ ಮನುಷ್ಯ ಹೆಂಡತಿಗೆ ಫೋನ್ ಮಾಡಿ ಮಾತಾಡುವ ಹಾಗಿರಲಿಲ್ಲ.

ಮೇಲಾಗಿ ಬೆಲ್‌ಗೆ ಹಲೋ ಹಿಡಿಸುತ್ತಲೇ ಇರಲಿಲ್ಲ. ಹಡಗಿನವರು ಕೂಗುವ 'ಅಹೋಯ್' ಅನ್ನಬೇಕು ಅಂತ ಅವನ ಹಟ. ಹಲೋ ಪರ ನಿಂತದ್ದು ಎಡಿಸನ್. 1877ರ ಆಗಸ್ಟಿನಲ್ಲಿ ಪಿಟ್ಸ್‌ಬರ್ಗಿನ ಗೆಳೆಯನಿಗೆ ಒಂದು ಕಾಗದ ಬರೆದ. ಫೋನಿಗೆ ಬೇರೆ ಗಂಟೆ ಬೇಡ, ಹಲೋ ಅಂದರೆ 10ರಿಂದ 20 ಅಡಿ ದೂರಕ್ಕೆ ಕೇಳಿಸುತ್ತದೆ ಅಂತ. ಎಡಿಸನ್‌ಗೂ ಕಿವಿ ಮಂದ ಅನ್ನುವುದನ್ನು ಇಲ್ಲಿ ಮರೆಯಬಾರದು. ಮೆಲ್ಲಗೆ ಮಾತಾಡುವವನೊಬ್ಬ ಈ ಕೆಲಸ ವಹಿಸಿಕೊಂಡಿದ್ದರೆ ನಮ್ಮ ಕಿವಿಗಳ ಗತಿ ಬೇರೆ ಇರುತ್ತಿತ್ತು. ಮಾವನ ಹಲೋಗೆ 20 ಅಡಿ ಯಾವ ಲೆಕ್ಕ? ತೋಟದ ಆಚೆ ಕಳೆ ತೆಗೆಯುವವರು ತಲೆ ಎತ್ತಿ ನೋಡುತ್ತಾರೆ.

ಈಚೆಗೆ ಅವರ ಮೊಮ್ಮಗ ವಾಯ್ಸ್ ಮೆಸೇಜ್ ಕಲಿಸಿಕೊಟ್ಟ. ಇನ್ನು ಬಚಾವ್ ಅಂದುಕೊಂಡೆ. ಎದುರಿಗೆ ಯಾರೂ ಇಲ್ಲ, ಹೇಳುವುದನ್ನು ಹೇಳಿ ಕಳಿಸಿದರೆ ಆಯಿತು. ಮೊದಲ ಮೆಸೇಜ್ ಬಂತು. "ಹಲೋ..." ಆಮೇಲೆ ಒಂದು ಹಕ್ಕಿ ಕೂಗಿತು. "ಹಲೋ?" ದೂರದಲ್ಲಿ ನಾಯಿ ಬೊಗಳಿತು. "ಕೇಳ್ತದಾ?" ಮತ್ತೆ ಹಕ್ಕಿ. ಕೊನೆಗೆ ಅತ್ತೆ ಕಡೆ ತಿರುಗಿ, "ಎತ್ತಿದಾನೆ ಕಣೇ, ಮಾತಾಡ್ತಿಲ್ಲ." ಅಲ್ಲಿಗೆ ಮುಗಿಯಿತು.

ಆದರೂ ಮಾವನೇ ವಾಸಿ. ಬರೀ 'ಹಾಯ್' ಅಂತ ಒಂದು ಮೆಸೇಜ್ ಹಾಕಿ ಸುಮ್ನೆ ಕೂರುವವರಿದ್ದಾರಲ್ಲ, ಅವರ ಕಾಟ ಇದಕ್ಕಿಂತ ದೊಡ್ಡದು. ಮಧ್ಯಾಹ್ನ ಹಾಯ್. ನಾನೂ ಹಾಯ್. ಸಂಜೆ 'ಹೇಗಿದ್ದೀರಿ'. ಚೆನ್ನಾಗಿದ್ದೇನೆ. ರಾತ್ರಿ 'ಟೈಪಿಂಗ್' ಅಂತ ಬಂದು ಮಾಯ. ಮಾರನೆಯ ದಿನ ಗೊತ್ತಾಗುತ್ತದೆ, ಬೇಕಾಗಿದ್ದದ್ದು ಪ್ಲಂಬರ್ ನಂಬರ್. ನಿನ್ನೆಯೇ ಕೇಳಿದ್ದರೆ ಇಷ್ಟೊತ್ತಿಗೆ ನಲ್ಲಿ ರಿಪೇರಿ ಆಗಿರುತ್ತಿತ್ತು. ಇದೇ ಜನ ಎದುರಿಗೆ ಸಿಕ್ಕರೆ ಹಾಯ್ ಹಲೋ ಏನೂ ಇಲ್ಲ, 'ಏನ್ರೀ ಊಟ ಆಯ್ತಾ' ಅಂತ ನೇರ ಹೊಟ್ಟೆಗೇ ಬರುತ್ತಾರೆ. ರಸ್ತೆಯಲ್ಲಂತೂ ಹಲೋ ಅಂದರೆ ಬೈಗುಳ. "ಹಲೋ! ಗಾಡಿ ಎಲ್ಲಿ ನಿಲ್ಸಿದೀರಾ?"

ಇಷ್ಟು ಬೈದರೂ ಮಾವನ ಹಲೋ ಮೇಲೆ ನನಗೆ ಪೂರ್ತಿ ಸಿಟ್ಟು ಬರುವುದಿಲ್ಲ. ನಾನು ಧಾರವಾಡದ ಹಾಸ್ಟೆಲಿನಲ್ಲಿದ್ದಾಗ ನಮ್ಮ ಮನೆಗೆ ಫೋನಿರಲಿಲ್ಲ. ಅಮ್ಮನ ತವರು ನಮ್ಮ ಊರೇ, ನಮ್ಮ ಮನೆಯಿಂದ ತೋಟದ ಆಚೆ ಬದಿ. ಅಲ್ಲಿ ಮಾವನ ಮನೆಯಲ್ಲಿ ಫೋನಿತ್ತು. ಆಗ ಲಗ್ನಪತ್ರಿಕೆಗಳಲ್ಲೂ ಪಕ್ಕದ ಮನೆಯವರ ನಂಬರ್ ಹಾಕಿ 'ಪಿ.ಪಿ.' ಅಂತ ಬರೆಯುತ್ತಿದ್ದರಲ್ಲ, ಹಾಗೆ ನಮ್ಮ ಪಿ.ಪಿ. ನಂಬರ್ ಮಾವನದು. ರಾತ್ರಿ ದರ ಕಮ್ಮಿಯಾದ ಮೇಲೆ ಎಸ್‌ಟಿಡಿ ಬೂತಿನ ಕ್ಯೂನಲ್ಲಿ ನಿಂತು ಫೋನ್ ಮಾಡುತ್ತಿದ್ದೆ. ಮಾವ ಎತ್ತಿದವರೇ ಜಗಲಿಗೆ ಹೋಗಿ ತೋಟದ ಆಚೆಗೆ ಕೂಗುತ್ತಿದ್ದರು. "ಓಹೋಯ್!" ಬೆಲ್ ಕೇಳಿದ್ದರೆ ಖುಷಿಯಾಗಿ ಹೋಗುತ್ತಿದ್ದ.

ಅಮ್ಮ ಟಾರ್ಚ್ ಹಿಡಿದು ಕಾಲುಸಂಕ ದಾಟಿ ಬರಬೇಕು. ಇಟ್ಟು ಮತ್ತೆ ಮಾಡ್ತೀನಿ ಅಂದರೆ ಮಾವ ಬಿಡುತ್ತಿರಲಿಲ್ಲ. "ಇಡ್ಬೇಡ, ಆಮೇಲೆ ಲೈನ್ ಸಿಗಲ್ಲ." ಅವಳು ಬರುವವರೆಗೂ ಲೈನ್ ಸಾಯದ ಹಾಗೆ ನೋಡಿಕೊಳ್ಳುವುದು ಅವರ ಕೆಲಸ. "ಹಲೋ... ಬಂದ್ಲು... ಹಲೋ... ಸಂಕದ ಹತ್ರ ಇದಾಳೆ... ಹಲೋ, ಇದೀಯಾ?" ಗಾಜಿನ ಪೆಟ್ಟಿಗೆಯೊಳಗೆ ನಿಂತು ನಾನು ಮೀಟರಿನ ಕೆಂಪು ಅಂಕಿ ಏರುವುದನ್ನು ನೋಡುತ್ತಿದ್ದೆ. ಅಮ್ಮ ಬಂದು ರಿಸೀವರ್ ಹಿಡಿದರೆ ಮೊದಲು ಕೇಳಿಸುತ್ತಿದ್ದದ್ದು ಅವಳ ಏದುಸಿರು. ಹಲೋ ಅನ್ನುವಷ್ಟು ಉಸಿರು ಬರುವ ಹೊತ್ತಿಗೆ ನನ್ನ ಜೇಬಿನಲ್ಲಿದ್ದ ದುಡ್ಡು ಮುಗಿಯುತ್ತಿತ್ತು.

ಈಗ ಮೀಟರ್ ಇಲ್ಲ, ಅನ್‌ಲಿಮಿಟೆಡ್. ಮಾವನಿಗೆ ಅದನ್ನು ಯಾರೂ ಹೇಳಿದ ಹಾಗಿಲ್ಲ, ಅಥವಾ ಸರಿಯಾಗಿ ಹೇಳಿಬಿಟ್ಟಿದ್ದಾರೆ.

ಯಾಕೆಂದರೆ ಅವರು ಫೋನು ಕಟ್ ಮಾಡುವುದೇ ಇಲ್ಲ. "ಸರಿ, ಇಡ್ಲಾ?" "ಹ್ಞಾಂ ಮಾವ, ಇಡಿ." "ಮತ್ತೇನು?" "ಏನಿಲ್ಲ." "ಹಂಗಾದ್ರೆ ಇಡ್ತೀನಿ." ಅಂದು, ಗುಂಡಿ ಒತ್ತದೆ, ಫೋನನ್ನು ಅಂಗಿ ಜೇಬಿಗೆ ಇಳಿಬಿಡುತ್ತಾರೆ. ಮೊನ್ನೆಯೂ ಹಾಗೇ ಆಯಿತು. ಆಮೇಲೆ ಎಲ್ಲವೂ ಸ್ಪಷ್ಟವಾಗಿ ಕೇಳಿಸತೊಡಗಿತು. ಅವರು ಕಲ್ಲಿನಿಂದ ಇಳಿದದ್ದು, ಚಪ್ಪಲಿ ಸದ್ದು, ಬಾಗಿಲು. ನೆಟ್‌ವರ್ಕೇ ಇಲ್ಲದ ಆ ಮನೆಯೊಳಗೆ ಅವತ್ತು ಹೇಗೋ ಎರಡು ಕಡ್ಡಿ ಬಂದಿರಬೇಕು. ಅತ್ತೆ ಕೇಳಿದರು, "ಏನಂತೆ ಅವನು?"

"ಎಂತದೂ ಇಲ್ಲ. ಬರೀ ಹಲೋ ಹಲೋ ಅಂತಾನೆ."